ಮೇ ತಿಂಗಳಿಗೆ ಕಟ್ಟಿದ ಮನೆಯಲ್ಲಿ ಜನವರಿ

"ಅಹಮದಾಬಾದಿನಲ್ಲಿ ಎಂಥ ಚಳಿ ಮಾರಾಯ?" ಊರಿಂದ ಫೋನು ಮಾಡುವವರದ್ದೆಲ್ಲ ಇದೇ ರಾಗ. ಅವರನ್ನು ಬೈದು ಪ್ರಯೋಜನವಿಲ್ಲ. ಉಡುಪಿಯಿಂದ ಹೊರಟಾಗ ನಾನೂ ಒಂದು ಡಜನ್ ಬನಿಯನು, ಎರಡು ಪಾಣಿಪಂಚೆ, ಒಂದು ಟೇಬಲ್ ಫ್ಯಾನು ಕಟ್ಟಿಕೊಂಡು ಬಂದವನೇ. ಸ್ವೆಟರ್ ಇರಲಿಲ್ಲ. ಕರಾವಳಿಯವರ ಲೆಕ್ಕದಲ್ಲಿ ಸ್ವೆಟರ್ ಅಂದರೆ ಶಾಲೆಯಿಂದ ಊಟಿ ಪ್ರವಾಸಕ್ಕೆ ಹೋಗುವಾಗ ಪಕ್ಕದ ಮನೆಯಿಂದ ಕಡ ತರುವ ವಸ್ತು. ವಾಪಸು ಕೊಡುವಾಗ ಅದನ್ನು ತೊಳೆದು ಕೊಡಬೇಕೋ ಬೇಡವೋ ಎಂಬುದೂ ನಮಗೆ ಗೊತ್ತಿರುವುದಿಲ್ಲ.

ಈ ಊರು ಹೆಸರು ಮಾಡಿದ್ದೂ ಬಿಸಿಲಿಗೇ. 2016ರ ಮೇ 20ರಂದು ಇಲ್ಲಿ ಪಾದರಸ 48 ಡಿಗ್ರಿ ಮುಟ್ಟಿತ್ತು. 2010ರ ಬೇಸಗೆಯಲ್ಲಿ ಜನ ಬಿಸಿಗಾಳಿಗೆ ಸಿಕ್ಕಿ ಸತ್ತ ಮೇಲೆ, 2013ರಲ್ಲಿ ಇಲ್ಲಿನ ನಗರಪಾಲಿಕೆ ಬಿಸಿಲನ್ನು ಎದುರಿಸಲೆಂದೇ ಒಂದು ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅಂಥದ್ದು ಮೊದಲನೆಯದಂತೆ. ಸರಿ, ಚಳಿಗೆ? ಚಳಿಗೆ ನಮಗೆ ಬಾ ಇದ್ದಾರೆ.

'ಬಾ' ಎಂದರೆ ಗುಜರಾತಿಯಲ್ಲಿ ತಾಯಿ. ನಾವು ಬಾಡಿಗೆಗಿರುವುದು ರಾಯಪುರದ ಒಂದು ಪೋಳದಲ್ಲಿ, ಅಂದರೆ ಹಳೇ ಊರಿನ ಓಣಿಯಲ್ಲಿ. ಆ ಮನೆಯ ಯಜಮಾನಿ, ಎಪ್ಪತ್ತು ದಾಟಿದ ಮುದುಕಿ, ಇಡೀ ಓಣಿಗೇ ಬಾ. ನನ್ನ ಹೆಂಡತಿ ಧಾರವಾಡದವಳು. ಬಂದ ಮೊದಲ ವಾರವೇ ಅವಳಿಗೆ ಧರ್ಮಸಂಕಟ. "ಅಲ್ರೀ, ಅಷ್ಟ್ ದೊಡ್ಡವರನ್ನ 'ಬಾ' ಅಂತ ಏಕವಚನದಾಗ ಕರಿಯೂದು ಹೆಂಗ? ನಾ ಬೇಕಾದ್ರ 'ಬರ್ರಿ' ಅಂತೀನಿ." ಹಾಗೆಯೇ ಕರೆದಳು ಕೂಡ. ಮುದುಕಿ ಅದನ್ನು ಯಾವುದೋ ಆಶೀರ್ವಾದವೆಂದು ತಿಳಿದು ತಲೆ ನೇವರಿಸಿದರು.

ಮನೆಯ ವಿಚಾರಕ್ಕೆ ಬರುತ್ತೇನೆ. ಗೋಡೆಯೊಳಗಿನ ಹಳೇ ಅಹಮದಾಬಾದಿಗೆ 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ನಗರ ಎಂಬ ಪಟ್ಟ ಸಿಕ್ಕಿತು, ಭಾರತದಲ್ಲೇ ಮೊದಲ ಬಾರಿಗೆ. ಆ ಪಟ್ಟ ಬಂದದ್ದು ನಮ್ಮಂಥ ಮನೆಗಳಿಂದಾಗಿ. ಬೀದಿಗೆ ಓಟಲೊ, ಅಂದರೆ ನಮ್ಮ ಜಗಲಿ. ಒಳಗೆ ಹೊಕ್ಕರೆ ಚೌಕ, ಅಂದರೆ ನಮ್ಮ ತೊಟ್ಟಿ. ಮೇಲೆ ಬಯಲು ಆಕಾಶ. ಚೌಕದ ಕೆಳಗೆ ಟಾಂಕಾ, ಮಳೆನೀರು ತುಂಬಿಡುವ ನೆಲಮಾಳಿಗೆಯಂಥ ತೊಟ್ಟಿ. ಮೊಳ ದಪ್ಪದ ಇಟ್ಟಿಗೆ ಗೋಡೆ, ನಡುನಡುವೆ ಮರದ ತೊಲೆ, ಕೆತ್ತನೆಯ ಕಿಟಕಿ. ಪ್ರವಾಸಿಗಳು ಬಂದು ಕತ್ತೆತ್ತಿ ನೋಡಿ ಆಹಾ ಅನ್ನುತ್ತಾರೆ. ಅವರು ಬರುವುದು ಹಗಲು ಹನ್ನೊಂದಕ್ಕೆ. ಬೆಳಗಿನ ಜಾವ ಐದಕ್ಕೆ ಬಂದು ಆಹಾ ಅಂದರೆ ನಾನು ಒಪ್ಪಿಕೊಳ್ಳುತ್ತೇನೆ.

ಏಕೆಂದರೆ ಈ ಮನೆ ಕಟ್ಟಿದ ಪುಣ್ಯಾತ್ಮನ ಕಣ್ಣೆದುರು ಇದ್ದದ್ದು ಮೇ ತಿಂಗಳು ಮಾತ್ರ. ರಾತ್ರಿ ತಣ್ಣಗಾದ ಭಾರದ ಗಾಳಿ ಚೌಕದೊಳಗೆ ಇಳಿದು ಕೂರುತ್ತದೆ, ಮರುದಿನ ಮಧ್ಯಾಹ್ನದವರೆಗೂ ಮನೆ ತಂಪು. ಎಂಥ ಉಪಾಯ! ತೊಂದರೆ ಏನೆಂದರೆ, ಈ ಉಪಾಯಕ್ಕೆ ಕ್ಯಾಲೆಂಡರು ಓದಲು ಬರುವುದಿಲ್ಲ. ಜನವರಿಯಲ್ಲೂ ಅದೇ ಸೇವೆ, ಅದೇ ನಿಷ್ಠೆ. ಇಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 12 ಡಿಗ್ರಿಯ ಆಸುಪಾಸು. ಉತ್ತರದ ಗಾಳಿ ರಾಜಸ್ಥಾನ ದಾಟಿ ಬಂದ ದಿನ ಹತ್ತರ ಕೆಳಗೆ. ಮಡಿಕೇರಿಯವರು ನಗಬಹುದು. ನಗಲಿ. ಮಧ್ಯಾಹ್ನ 28 ಡಿಗ್ರಿಯಲ್ಲಿ ಬೆವರಿ ಮನೆಗೆ ಬಂದು, ರಾತ್ರಿ ಹನ್ನೆರಡಕ್ಕೆ ಕೋಟಾ ಕಲ್ಲಿನ ನೆಲದ ಮೇಲೆ ಬರಿಗಾಲಿಟ್ಟು ಬಚ್ಚಲಿಗೆ ಹೋಗಿ ನೋಡಲಿ.

ಮೊದಲ ಚಳಿಗಾಲದಲ್ಲಿ ನಾನು ಎಲ್ಲ ವಿದ್ಯಾವಂತರೂ ಮಾಡುವ ಕೆಲಸವನ್ನೇ ಮಾಡಿದೆ: ಹೀಟರ್ ತಂದೆ. ಎರಡು ಕೆಂಪು ಸರಳಿನದು, 2000 ವ್ಯಾಟ್. ಪ್ಲಗ್ಗು ನೋಡಿದರೆ ದಪ್ಪ ಕಾಲಿನದು, ಗೋಡೆಯಲ್ಲಿದ್ದದ್ದು ಸಣ್ಣ ತೂತಿನ 5 ಆಂಪಿಯರಿನ ಸಾಕೆಟ್ಟು. ಈ ಹೀಟರಿಗೆ ಬೇಕಾದದ್ದು ಹೆಚ್ಚುಕಡಿಮೆ 9 ಆಂಪಿಯರ್. ಲೆಕ್ಕ ಗೊತ್ತಿದ್ದವನು ಅಲ್ಲಿಗೇ ನಿಲ್ಲುತ್ತಿದ್ದ. ನಾನು ಬಜಾರಿಗೆ ಹೋಗಿ ಮೂವತ್ತು ರೂಪಾಯಿಯ ಅಡಾಪ್ಟರ್ ತಂದೆ. ಸರಳು ಕೆಂಪಾಯಿತು, ಹೆಂಡತಿ ಕೈ ಕಾಯಿಸಿಕೊಂಡಳು, ನಾನು ಯಜಮಾನಿಕೆಯಿಂದ ಕಾಲ ಮೇಲೆ ಕಾಲು ಹಾಕಿ ಕೂತೆ. ಹನ್ನೊಂದನೆಯ ನಿಮಿಷಕ್ಕೆ ಗೋಡೆಯೊಳಗಿಂದ ಹಪ್ಪಳ ಸುಟ್ಟ ಹಾಗೆ ವಾಸನೆ, 'ಟಪ್' ಎಂದು ಒಂದು ಸದ್ದು, ಆಮೇಲೆ ಕತ್ತಲೆ. ನಮ್ಮ ಮನೆಗಷ್ಟೇ ಅಲ್ಲ, ಬಾ ಮನೆಗೂ. ಅವರ ಟಿವಿಯಲ್ಲಿ ಧಾರಾವಾಹಿಯ ಸೊಸೆ ಬಾಯಿ ತೆರೆದದ್ದಷ್ಟೇ, ಏನು ಹೇಳಿದಳೆಂದು ಇವತ್ತಿಗೂ ಗೊತ್ತಿಲ್ಲ.

ಬಾ ಟಾರ್ಚು ಹಿಡಿದು ಬಂದರು. ಹೀಟರನ್ನು ನೋಡಿದರು, ಅಡಾಪ್ಟರನ್ನು ನೋಡಿದರು, ನನ್ನನ್ನು ನೋಡಿದರು. ಮೇಲೆ ಕೈ ತೋರಿಸಿ ಒಂದೇ ಮಾತು: "ಭಾಯಿ, ಆಕಾಶವನ್ನು ಬಿಸಿ ಮಾಡುತ್ತೀಯಾ?"

ನಿಜವೇ. ಗಂಟೆಗೆ ಎರಡು ಯೂನಿಟ್ಟು ಸುಟ್ಟು ನಾನು ಬಿಸಿ ಮಾಡುತ್ತಿದ್ದದ್ದು ಚೌಕದ ಮೂಲಕ ಸಾಬರಮತಿಯ ಮೇಲಿನ ನಕ್ಷತ್ರಗಳನ್ನು.

ಆಕಾಶ ತೆರೆದಿದ್ದರೆ ಮುಚ್ಚೋಣ ಎಂದು ಮರುವಾರ ಚೌಕದ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ಮಹಡಿಯಿಂದ ಮಹಡಿಗೆ ಹಾರುವ ಕರಿಮೋರೆಯ ಮುಸಿಯಗಳು ಬಂದವು. ಈ ಊರಿನಲ್ಲಿ ಅವಕ್ಕೂ ಪರಂಪರೆಯ ಹಕ್ಕಿದೆ. ಅಷ್ಟಗಲದ ಹೊಳೆಯುವ ಹಾಳೆ ಅವಕ್ಕೆ ಉಯ್ಯಾಲೆಯೆಂದೇ ಕಂಡಿರಬೇಕು. ಒಂದು ದೊಡ್ಡದು ಪರ್‍ರ್ ಎಂದು ಹಾಳೆಯ ಸಮೇತ ಟಾಂಕಾದ ಹಿತ್ತಾಳೆ ಮುಚ್ಚಳದ ಮೇಲೆ ಬಂದು ಕೂತಿತು. ನಮ್ಮಿಬ್ಬರಲ್ಲಿ ಯಾರು ಹೆಚ್ಚು ಹೆದರಿದ್ದೆಂದು ಹೆಂಡತಿಯನ್ನು ಕೇಳಬೇಡಿ, ಹೇಳಿಬಿಡುತ್ತಾಳೆ.

ಆಮೇಲೆ ಕಿಟಕಿಯ ಸಂದುಗಳ ಕಡೆ ತಿರುಗಿದೆ. ಕೆತ್ತನೆ ಎಷ್ಟು ಸೊಗಸೋ ಸಂದು ಅಷ್ಟು ಅಗಲ. ಗುಜರಾತಿ ಪೇಪರನ್ನು ಮಡಚಿ ತುರುಕಿದೆ. ಡಿಸೆಂಬರಿನಿಂದ ಇಲ್ಲಿನ ಪೇಪರುಗಳ ಕಥಾನಾಯಕ ಕಚ್ಛದ ನಲಿಯಾ. ರಾಜ್ಯದಲ್ಲೆಲ್ಲ ಅತಿ ಚಳಿಯ ಊರೆಂದು ಅದರ ಹೆಸರು ದಿನಾ ಬೆಳಗ್ಗೆ ದಪ್ಪಕ್ಷರದಲ್ಲಿ. ಈಗ ನಮ್ಮ ಮಲಗುವ ಕೋಣೆಯ ನಾಲ್ಕೂ ಸಂದಿನಿಂದ ನಲಿಯಾ ಇಣುಕುತ್ತದೆ. ಓದಿದಾಗಲೆಲ್ಲ ಇನ್ನೊಂದು ಡಿಗ್ರಿ ಚಳಿ. ಆದರೆ ಒಂದು ಮಾತು ಒಪ್ಪಲೇಬೇಕು, ಇಷ್ಟರಲ್ಲೆಲ್ಲ ಕೆಲಸಕ್ಕೆ ಬಂದದ್ದು ಈ ರದ್ದಿ ಪೇಪರೇ. ಗಾಳಿ ನಿಂತಿತು. ಬಾಗಿಲಡಿಗೆ ಹಳೇ ಸೀರೆ ಸುತ್ತಿಟ್ಟೆವು, ಮಂಚದ ಪಕ್ಕ ಗೋಣಿತಾಟು ಹಾಸಿದೆವು. ಒಟ್ಟು ಖರ್ಚು ಸೊನ್ನೆ. ಹೀಟರಿಗೆ ಎಷ್ಟಾಯಿತೆಂದು ಹೇಳುವುದಿಲ್ಲ.

ಇನ್ನು ಸ್ವೆಟರು. ಚಳಿಗಾಲ ಬಂತೆಂದರೆ ಅಹಮದಾಬಾದಿಗೆ ಟಿಬೆಟಿಯನ್ನರ ಸ್ವೆಟರ್ ಬಜಾರು ಬರುತ್ತದೆ. ಲುಧಿಯಾನದ ಮಾಲು, ಸಾಲು ಸಾಲು ಅಂಗಡಿ. ನಾನು ನನ್ನ ಹರಕು ಹಿಂದಿಯಲ್ಲಿ "ಕಮ್ ಕರೋ, ಕಮ್ ಕರೋ" ಎಂದು ಗೋಗರೆಯುತ್ತಿದ್ದೆ. ಹೆಂಡತಿ ಪಕ್ಕದಲ್ಲಿ ಮೆಲ್ಲಗೆ, "ಬಿಡ್ರೀ, ಈ ಅಕ್ಕ ರೊಕ್ಕ ಕಡಿಮಿ ಮಾಡೂ ಹಂಗ ಕಾಣೂದಿಲ್ಲ" ಅಂದಳು. ಅಂಗಡಿಯ ಹೆಂಗಸು ಸ್ವೆಟರು ಮಡಚುತ್ತಲೇ, "ಹೌದ್ರೀ ಅಕ್ಕಾರ, ಒಂದ ರೇಟ ನಮ್ಮಲ್ಲಿ" ಅಂದುಬಿಟ್ಟಳು! ಮುಂಡಗೋಡದ ಕ್ಯಾಂಪಿನವಳಂತೆ. 1966ರಿಂದ ಅಲ್ಲಿ ಟಿಬೆಟಿಯನ್ನರಿದ್ದಾರೆ, ಅಲ್ಲಿಂದಲೂ ಬೈಲುಕುಪ್ಪೆಯಿಂದಲೂ ಎಷ್ಟೋ ಜನ ಚಳಿಗಾಲದಲ್ಲಿ ಸ್ವೆಟರು ಮಾರಲು ದೇಶ ಸುತ್ತುತ್ತಾರೆ, ಇದೆಲ್ಲ ಪೇಪರಿನಲ್ಲಿ ಓದಿದ್ದೆ. ಆದರೆ ಟಿಬೆಟಿನ ಮುಖದಿಂದ ಹುಬ್ಬಳ್ಳಿಯ ಕನ್ನಡ ಬಂದಾಗ ಆಗುವ ಖುಷಿ ಪೇಪರಿನಲ್ಲಿ ಸಿಗುವುದಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ಮಳೆ, ಗೋವಿನಜೋಳ, ಹುಬ್ಬಳ್ಳಿ ಬಸ್ಸು ಎಂದೆಲ್ಲ ಮಾತಾಡಿದರು. ಗೆಳೆತನವಾದ ಮೇಲೆ ಚೌಕಾಸಿ ಹೇಗೆ? ಪೂರ್ತಿ ದುಡ್ಡು ಎಣಿಸಿದೆ, ಎರಡು ಸ್ವೆಟರಿಗೆ ಹೋದವನು ನಾಲ್ಕು ಹೊತ್ತು ಬಂದೆ.

ಬರೋಡಾದಲ್ಲಿ ನಮ್ಮ ಭಾವ ಇದ್ದಾರೆ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು, ಸಯಾಜಿರಾವ್ ಗಾಯಕವಾಡರು 1908ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದೊಳಗೆ 2019ರ ಏಪ್ರಿಲ್ 1ಕ್ಕೆ ಸೇರಿತಲ್ಲ, ಆಮೇಲೆ ಇವರು ಬಂದದ್ದು. ಮಾಂಡವಿ ಕಡೆಯ ಹಳೇ ವಾಡೆಯೊಂದರ ಮಹಡಿಯಲ್ಲಿ ವಾಸ. ಅವರ ಚಳಿ ಸಿದ್ಧಾಂತ ಬಹಳ ಸರಳ: "ಕಿಟಕಿ ಮುಚ್ಚು, ಮಂಡೆಗೆ ಮಫ್ಲರ್ ಸುತ್ತು, ಒಂಬತ್ತಕ್ಕೆ ಮಲಗು. ಎಂತ ಹೀಟರ್ ಮಾರಾಯ." ಮಂಕಿಕ್ಯಾಪು ಹಾಕಿ ವೀಡಿಯೋ ಕರೆ ಮಾಡಿದರೆ ಅಕ್ಕನಿಗೇ ಗುರುತು ಸಿಗುವುದಿಲ್ಲ. ಸೂರತ್ತಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಗೆಳೆಯನದ್ದು ಇನ್ನೂ ಅನ್ಯಾಯ. ಸಮುದ್ರ ಹತ್ತಿರ, ಚಳಿಯೇ ಕಡಿಮೆ. ಅದರ ಮೇಲೆ ಬೆಳಗಿನ ನಾಲ್ಕರಿಂದ ಇಡ್ಲಿ ಅಟ್ಟದ ಹಬೆ. ಜನವರಿಯಲ್ಲಿ ಬನಿಯನಿನಲ್ಲಿ ನಿಂತು ಫೋಟೋ ಕಳಿಸುತ್ತಾನೆ. ಆದರೂ ಅವನನ್ನು ಕ್ಷಮಿಸಿದ್ದೇವೆ, ಪೋಂಕಿನ ಕಾರಣಕ್ಕೆ. ಎಳೇ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಹಸಿರು ಕಾಳು, ಜೊತೆಗೆ ಖಾರದ ಸೇವು, ನಿಂಬೆ. ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ ಹೆಂಡತಿ ಕಣ್ಣು ಮುಚ್ಚಿ, "ಇದು ನಮ್ಮ ಸೀತನಿ ರೀ!" ಎಂದು ತಾಪಿ ದಂಡೆಯಲ್ಲೇ ಕೂಗಿದಳು. ಅವಳಿಗೆ ಅಂದು ಚಳಿಯೂ ಇರಲಿಲ್ಲ, ಗಂಡನೂ ಇರಲಿಲ್ಲ.

ಅಸಲು ಗುಟ್ಟು ಇಲ್ಲಿಯೇ ಇದೆ. ಗುಜರಾತಿಗಳು ಮನೆಯನ್ನು ಬಿಸಿ ಮಾಡುವ ಗೋಜಿಗೆ ಹೋಗುವುದಿಲ್ಲ, ಹೊಟ್ಟೆಯನ್ನು ಬಿಸಿ ಮಾಡುತ್ತಾರೆ. ಉದ್ದಿನ ಹಿಟ್ಟಿನ ಅಡದಿಯಾ, ಅಂಟಿನ ಗುಂದರಪಾಕ, ಮೆಂತ್ಯದ ಲಾಡು, ಎಲ್ಲದರಲ್ಲೂ ಶುಂಠಿ, ಎಲ್ಲದರ ಮೇಲೂ ತುಪ್ಪ. ಬಾ ಒಂದು ಬೆಳಿಗ್ಗೆ ಡಬ್ಬಿ ತಂದು ಕೊಟ್ಟರು: ಕಾಟ್ಲು, ಮೂವತ್ತೆರಡು ಮಸಾಲೆ ಸಾಮಾನು ಕುಟ್ಟಿ ಮಾಡಿದ್ದು. ದಿನಕ್ಕೊಂದು ತುಂಡು ತಿನ್ನು, ಕಿವಿಯಿಂದ ಉಗಿ ಬರುತ್ತದೆ ಅಂದರು. ತಿಂದೆ, ಬಂತು. ಅದನ್ನು ಇಲ್ಲಿ ಮುಖ್ಯವಾಗಿ ಬಾಣಂತಿಯರಿಗೆ ಕೊಡುತ್ತಾರೆಂದು ಗೊತ್ತಾದದ್ದು ಡಬ್ಬಿ ಅರ್ಧವಾದ ಮೇಲೆ. ಹೆಂಡತಿ ಧಾರವಾಡಕ್ಕೆ ಫೋನು ಹಚ್ಚಿ, "ಅವ್ವಾ, ನಿನ್ನ ಅಳಿಯನ ಬಾಣಂತನ ಛಲೋ ನಡದದ" ಎಂದು ಸುದ್ದಿ ಮುಟ್ಟಿಸಿದಳು. ಅತ್ತೆಯವರು ಪಾಪ, ಕೌದಿ ಎರಡು ಕಳಿಸಿಕೊಟ್ಟರು, ಅವರದೇ ಹಳೇ ಇಳಕಲ್ ಸೀರೆಗಳನ್ನು ಪದರ ಪದರ ಹೊಲಿದದ್ದು. ಬಾ ಅದನ್ನು ಮುಟ್ಟಿ, "ಅರೆ, ಇದು ನಮ್ಮ ಗೋದಡಿ" ಅಂದರು.

ಒಂದು ವಿಷಯದಲ್ಲಿ ಮಾತ್ರ ಬಾ ತಮಾಷೆ ಸಹಿಸುವುದಿಲ್ಲ. ಸಗಡಿ, ಅಂದರೆ ನಮ್ಮ ಅಗ್ಗಿಷ್ಟಿಕೆ, ಓಟಲೊ ದಾಟಿ ಒಳಗೆ ಬರಕೂಡದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಿದವರು ಬೆಳಿಗ್ಗೆ ಏಳದಿದ್ದ ಸುದ್ದಿ ಪ್ರತಿ ಚಳಿಗಾಲವೂ ಎಲ್ಲಿಂದಾದರೂ ಬರುತ್ತದೆ. ಕೆಂಡದಿಂದ ಏಳುವ ಆ ವಿಷಾನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಉಳಿದದ್ದು ಬಿಸಿಲು. "ಬೆಳಿಗ್ಗೆ ಅಗಾಶಿಗೆ ಹೋಗಿ ಕೂತ್ಕೊ" ಎಂದು ಬಾ ಹೇಳಿದಾಗ ಹೆಂಡತಿ ಗಾಬರಿ: "ಅಗಸಿಗೆ? ಥಂಡ್ಯಾಗ ಊರಬಾಗಲಿಗೆ ಹೋಗಿ ಯಾಕ ಕೂಡಬೇಕ್ರೀ?" ರಾಯಪುರ ದರವಾಜ ಹತ್ತಿರದಲ್ಲೇ ಇರುವುದರಿಂದ ಸೆರಗು ಹೊದ್ದು ಹೊರಟೂ ಬಿಟ್ಟಿದ್ದಳು. ಇಲ್ಲಿ ಅಗಾಶಿ ಎಂದರೆ ತಾರಸಿ. ಎಂಟಕ್ಕೆ ಬಿಸಿಲು ಅಲ್ಲಿರುತ್ತದೆ, ಹನ್ನೊಂದಾಗುವಾಗ ಒಂದಿಷ್ಟು ಚೌಕಕ್ಕೆ ಇಳಿಯುತ್ತದೆ, ಆಮೇಲೆ ಓಟಲೊಗೆ. ಬಾ ಅದರ ಹಿಂದೆಯೇ ಮಣೆ ಎಳೆದುಕೊಂಡು, ಬಟಾಣಿ ಸುಲಿಯುತ್ತ, ದಿನವಿಡೀ ಮನೆ ಸುತ್ತುತ್ತಾರೆ. ಒಂದು ಭಾನುವಾರ ನಾನೂ ಅವರ ಹಿಂದೆ ಮಣೆ ಎಳೆದೆ. ಸಂಜೆವರೆಗೂ ಚಳಿಯ ನೆನಪೇ ಬರಲಿಲ್ಲ. ಎರಡು ಕಿಲೋ ಬಟಾಣಿ ಸುಲಿದದ್ದು ಮಾತ್ರ ನೆನಪಿದೆ.

ಜನವರಿ 14, 15ಕ್ಕೆ ಈ ಬಿಸಿಲಿಗೂ ಬೆಲೆ ಬರುತ್ತದೆ. ಉತ್ತರಾಯಣದ ಗಾಳಿಪಟಕ್ಕೆ ಪೋಳಗಳ ಅಗಾಶಿಗಳನ್ನು ಬಾಡಿಗೆಗೆ ಹಿಡಿಯುತ್ತಾರೆ, ಊಂಧಿಯು ಜಿಲೇಬಿಯ ಸಮೇತ. ಬಾ ಕೂಡ ಕೊಡುತ್ತಾರೆ. ಆ ಎರಡು ದಿನ ನಮ್ಮ ಬಿಸಿಲಿನಲ್ಲಿ ಸೂರತ್ತಿನ ಯಾರೋ "ಕಾಯ್‌ಪೋ ಛೇ" ಎಂದು ಕುಣಿಯುತ್ತಿರುತ್ತಾರೆ, ನಾವು ಕೆಳಗೆ ಕೌದಿ ಹೊದ್ದು ಎಳ್ಳುಬೆಲ್ಲ ತಿನ್ನುತ್ತಿರುತ್ತೇವೆ.

ಬರುವ ಚಳಿಗಾಲಕ್ಕೆ ಈ ಕಡೆ ಬರುವವರಿದ್ದರೆ ಖಂಡಿತ ಬನ್ನಿ. ಕೌದಿ ಎರಡೇ ಇವೆ, ನಿಮ್ಮದು ನೀವು ತನ್ನಿ. ಹೋಗುವಾಗ ಹೀಟರು ಬೇಕಿದ್ದರೆ ಒಯ್ಯಿರಿ, ಅಟ್ಟದ ಮೇಲಿದೆ. ಹೆಚ್ಚು ಬಳಸಿದ್ದಲ್ಲ, ಹನ್ನೊಂದು ನಿಮಿಷ.