ಆಮ್ರಫಲದ ನುಣುಪಿನ ಏಕತ್ವವಿಚಾರ

ಶ್ರೀನಿವಾಸಪುರದ ಮಂಡಿಯಲ್ಲಿ, ವೈಶಾಖ ಜ್ಯೇಷ್ಠಗಳ ಬಿಸಿಲಿನಲ್ಲಿ, ಬಾದಾಮಿಯದೊಂದು ರಾಶಿ, ಮಲಗೋವದೊಂದು ರಾಶಿ, ತೋತಾಪುರಿಯದೊಂದು ರಾಶಿ ಎಂದು ಸುರಿದು ಬೇರೆಬೇರೆ ಬೆಲೆ ಕೂಗುವ ಪದ್ಧತಿಯು ಶಾಸ್ತ್ರಸಮ್ಮತವೇ ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ಪಂಡಿತರೂ ಎತ್ತಿದಂತೆ ಕಾಣದಿರುವುದರಿಂದ, ಒಂದು ಬುಟ್ಟಿ ಹಣ್ಣನ್ನು ಮುಂದಿಟ್ಟುಕೊಂಡು ನಾವೇ ಈ ವಿಚಾರಕ್ಕೆ ಕುಳಿತಿದ್ದೇವೆ.

ಮೊದಲು ಲಕ್ಷಣ. ಹಣ್ಣಿನ ಸಿಪ್ಪೆಯು ಎರಡು ಆಯಾಮದ ವಸ್ತು. ಹಿಂದೆ ಶಾನುಭೋಗರು ಊರಿನ ಭೂಮಿಯನ್ನು ತುಂಡುತುಂಡು ನಕ್ಷೆಗಳಲ್ಲಿ ಇಳಿಸುತ್ತಿದ್ದಂತೆ ಸಿಪ್ಪೆಯನ್ನೂ ಇಳಿಸಿ, ಎರಡು ನಕ್ಷೆಗಳು ಒಂದರ ಮೇಲೊಂದು ಹಾಯುವೆಡೆಯಲ್ಲಿ ಎಲ್ಲಿಯೂ ಮುಗ್ಗರಿಸದೆ ಇದರಿಂದ ಅದಕ್ಕೆ ದಾಟಲು ಬಂದರೆ, ಅಂಥ ನಕ್ಷೆಗಳ ಕಟ್ಟಿಗೆ ನುಣುಪಿನ ವಿನ್ಯಾಸವೆಂದು ಹೆಸರು. ಒಂದೇ ಹಣ್ಣನ್ನು ಇಬ್ಬರು ಶಾನುಭೋಗರು ಅಳೆದರೆ ಏನು ಗತಿ? ನಮ್ಮ ಸೀಮೆಯಲ್ಲಾದರೆ ಅದು ಎರಡು ತಲೆಮಾರು ನಡೆಯತಕ್ಕ ವ್ಯಾಜ್ಯ. ಗಣಿತಜ್ಞರಲ್ಲಿ ಹಾಗಿಲ್ಲ, ಒಂದು, ಎರಡು, ಮೂರು ಆಯಾಮಗಳಲ್ಲಿ ಹರಿಯದೆ, ಅಂಟಿಸದೆ, ಮೆಲ್ಲನೆ ಎಳೆದು ಹೊಂದಿಸಿದರೆ ಒಬ್ಬರ ಕಟ್ಟು ಇನ್ನೊಬ್ಬರದರ ಮೇಲೆ ನುಣ್ಣಗೆ ಕೂತೇ ಕೂರುತ್ತದೆ. ಇದಕ್ಕೆ ತಳಹದಿಯಾಗಿ, ಮೇಲ್ಮೈಗಳನ್ನು ತ್ರಿಕೋನಗಳಾಗಿ ಹೆಚ್ಚಬಹುದೆಂದು 1925ರಲ್ಲಿ ರಾಡೊ, ಮೂರು ಆಯಾಮದ ಗಟ್ಟಿಯನ್ನೂ ನಾಲ್ಕು ಮುಖದ ಹೋಳುಗಳಾಗಿ, ಉಪ್ಪಿನಕಾಯಿಗೆಂಬಂತೆ, ಕೊಯ್ಯಬಹುದೆಂದು 1952ರಲ್ಲಿ ಮೊಯಿಸ್ ತೋರಿಸಿದ್ದಾರೆ.

ಇನ್ನು ಪೂರ್ವಪಕ್ಷ. ಮಲಗೋವ ಗುಂಡಗಿದೆ, ತೋತಾಪುರಿಗೆ ಕೊಕ್ಕಿದೆಯಲ್ಲ ಎಂದು ಮಂಡಿಯವರು ಆಕ್ಷೇಪಿಸುವರು. ಕೊಕ್ಕು ಗಿಳಿಗೆ ಭೂಷಣ. ಎಳೆದರೂ ಒತ್ತಿದರೂ ಕೆಡದ ಗುಣಗಳನ್ನಷ್ಟೇ ನೋಡುವ ಟೋಪಾಲಜಿಗೆ ಅದು ಲೆಕ್ಕಕ್ಕಿಲ್ಲ, ಒತ್ತಿದರೆ ಒಳಗೆ ಹೋಗುತ್ತದೆ. ಅಪವಾದವೊಂದುಂಟು: ಓಟೆಯನ್ನೂ ತೂರಿ ಈಚೆಯಿಂದ ಆಚೆಗೆ ಹುಳು ಕೊರೆದ ಹಣ್ಣು ಮಾವೇ ಅಲ್ಲ, ಉದ್ದಿನವಡೆ. ಆದುದರಿಂದ ಹುಳುಕಿಲ್ಲದ ಸಮಸ್ತ ಮಾವಿಗೂ ಒಂದೇ ಬೆಲೆಯೆಂಬುದು ಸಿದ್ಧಾಂತ. ಇದನ್ನು ಮಂಡಿಯಲ್ಲಿ ನಿವೇದಿಸಿದಾಗ ತೂಕದ ಹುಡುಗನು, "ಹಂಗಾದ್ರೆ ಬಾದಾಮಿ ಅಂದ್ಕೊಂಡು ತೋತಾಪುರೀನೇ ತಗೊಂಡ್ ಹೋಗಿ, ಸ್ವಾಮಿ" ಎಂದನು. ನಾವು ಬಾದಾಮಿಯನ್ನೇ ತಂದೆವು, ಸಿದ್ಧಾಂತಕ್ಕೆ ಮೂಗಿಲ್ಲ.

ಈ ಸೌಖ್ಯವೆಲ್ಲ ಮೂರು ಆಯಾಮಕ್ಕೇ ಮುಗಿಯುವುದು. ಏಳು ಆಯಾಮದ ಗೋಲಕ್ಕೆ ಒಂದಕ್ಕೊಂದು ಹೊಂದದ ನುಣುಪುಗಳುಂಟೆಂದು 1956ರಲ್ಲಿ ಮಿಲ್ನರ್ ತೋರಿಸಿದನು. ದಿಕ್ಕನ್ನೂ ಗಣಿಸಿದರೆ ಅವು 28. ನಾಲ್ಕು ಆಯಾಮದ ಬಯಲಿನಲ್ಲಂತೂ ಎಣಿಕೆಗೇ ಸಿಕ್ಕದಷ್ಟು. ಮಿಕ್ಕ ಯಾವ ಆಯಾಮದ ಬಯಲಿಗೂ ಈ ಪಾಡಿಲ್ಲ. ನಾಲ್ಕನೆಯದನ್ನು ಕಾಲವೆಂದು ಹಿಡಿದರೆ (ಗಣಿತಜ್ಞರು ಒಪ್ಪರು, ನಾವು ಹಿಡಿಯುತ್ತೇವೆ) ಬೆಳಗಿನ ಬೆಲೆಯು ಸಂಜೆಗೆ ನಿಲ್ಲದಿರುವ ರಹಸ್ಯವು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕು ಆಯಾಮದ ಗೋಲಕ್ಕೆ ನುಣುಪು ಒಂದೋ ಹಲವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಬುಟ್ಟಿಯಲ್ಲುಳಿದ ಮೂರು ಹಣ್ಣುಗಳು ಅಷ್ಟು ದಿನ ಕಾಯುವ ಲಕ್ಷಣ ಕಾಣದ್ದರಿಂದ ನಿನ್ನೆ ರಾತ್ರಿ ಸೀಕರಣೆಯಾದವು.