ಸುಟ್ಟ ಕೋವಿಯ ಯೋಗಕ್ಷೇಮ

ಬೆಂಕಿಗೆ ಸಿಕ್ಕ ಹಳೇ ಸೇನಾ ರೈಫಲ್ಲನ್ನು ಮತ್ತೆ ಹಾರಿಸಬಹುದೇ ಎಂಬ ಪ್ರಶ್ನೆ ಕಲ್ಯಾಣ ನಗರದಲ್ಲಿ ಏಳಬೇಕಾದದ್ದೇ ಅಲ್ಲ. ಇಲ್ಲಿಯ ಪ್ರಶ್ನೆಗಳೆಂದರೆ ಕಾವೇರಿ ನೀರು, ಪಾರ್ಕಿಂಗು ಮತ್ತು ನಡುರಾತ್ರಿಯಾದರೂ ಬಾಗಿಲು ಹಾಕದ ಹೋಟೆಲುಗಳು. ಆದರೆ ದಂಡು ಪ್ರದೇಶ ಕೂಗಳತೆಯಲ್ಲಿದೆ, ಹಲಸೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಇದ್ದಾರೆ, ನಿವೃತ್ತ ಸೇನಾನಿಗಳಿಗೂ ಕೊಡಗಿನಿಂದ ಬಂದು ನೆಲೆಸಿದವರಿಗೂ ಈ ಊರಲ್ಲಿ ಬರವಿಲ್ಲ. ಹಾಗಾಗಿ ಕೋವಿ ಇರಲಿ ಬಿಡಲಿ, ಕೋವಿಯ ಬಗೆಗಿನ ಅಭಿಪ್ರಾಯ ಮಾತ್ರ ಯಥೇಚ್ಛವಾಗಿ ಸಿಗುತ್ತದೆ. ದೀಪಾವಳಿಯ ಕೇಪಿನ ಪಿಸ್ತೂಲಿಗಿಂತ ದೊಡ್ಡದನ್ನು ಹಾರಿಸದ ನನಗೂ ಒಂದಿದೆ. ನುಂಗಿಕೊಳ್ಳಬೇಕಿತ್ತು, ಆದರೆ ಇಂಥ ವಿಷಯದಲ್ಲಿ ಅನುಭವವಿಲ್ಲದವರ ಉತ್ಸಾಹವೇ ಹೆಚ್ಚು. ನನ್ನ ವಾದ ಇಷ್ಟೇ: ಸುಟ್ಟ ಕೋವಿಯನ್ನು ನೋಡಿ ‘ಪರವಾಗಿಲ್ಲ’ ಎನ್ನಲು ಯಾವ ಕಣ್ಣಿಗೂ ಸಾಧ್ಯವಿಲ್ಲ, ಆ ಕಣ್ಣಿನ ಕೆಳಗೆ ಎಂಥ ಮೀಸೆಯಿದ್ದರೂ.

ನಮ್ಮ ಪೊಲೀಸರೂ ಎನ್‌ಸಿಸಿ ಹುಡುಗರೂ ಹೊತ್ತ ತ್ರೀ ನಾಟ್ ತ್ರೀಯನ್ನೇ ತೆಗೆದುಕೊಳ್ಳಿ. ಅದರ ತೋಟಾ ಸಿಡಿದಾಗ ಒಳಗೆ ಹುಟ್ಟುವ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 3,000 ಪಟ್ಟು. ಅದನ್ನು ತಡೆದು ನಿಲ್ಲುವುದು ಬೋಲ್ಟಿನ ಎರಡು ಸಣ್ಣ ಚಾಚುಗಳು. ಅವುಗಳ ಹಿಂದೆ, ಒಂದು ಗೇಣು ದೂರದಲ್ಲಿ, ಹಾರಿಸುವವನ ಬಲಗಣ್ಣು. ಆ ಉಕ್ಕಿನ ಬಲವಿರುವುದು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಹದವಾಗಿ ಕಾಯಿಸಿ ಕೊಟ್ಟ ಪಾನದಲ್ಲಿ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕು ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದರಾಚೆಗೆ ಹದ ಇಳಿಯುತ್ತ ಹೋಗುತ್ತದೆ. ಹೊತ್ತಿ ಉರಿಯುವ ಮನೆಯ ಬೆಂಕಿ 600 ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಆಮೇಲೆ ಅಗ್ನಿಶಾಮಕದವರು ಬಂದು ಅರ್ಧ ಕೋವಿಯ ಮೇಲೆ ನೀರು ಬಿಟ್ಟು ಅಲ್ಲಷ್ಟೇ ಹೊಸ ಪಾನ ಹಿಡಿಸಿದರೂ ಹಿಡಿಸಿದರೇ. ಎಲ್ಲಿ ಮೆತ್ತಗೆ, ಎಲ್ಲಿ ಪೆಡಸು ಎಂದು ಹೊರಗಿನಿಂದ ತಿಳಿಯುವುದಿಲ್ಲ.

ನುರಿತ ಕಣ್ಣಿಗೆ ತಿಳಿದೀತು ಎನ್ನುವವರಿಗೆ ಅಮೆರಿಕದ ಉತ್ತರವಿದೆ. ಅಲ್ಲಿಯ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 1903ರ ಮಾದರಿಯ ರೈಫಲ್‌ಗಳಲ್ಲಿ ಕೆಲವು 1917ರ ಹೊತ್ತಿಗೆ ಸಿಡಿದು ಚೂರಾದವು. ಹುಡುಕಿದರೆ ತಪ್ಪು ಕುಲುಮೆಯಲ್ಲಿತ್ತು. ಹಳೇ ಹುಲಿಗಳಾದ ಕೆಲಸಗಾರರು ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಹೇಳುತ್ತಿದ್ದರು. ಮಾಪಕ ಇಟ್ಟು ನೋಡಿದಾಗ, ಅವರ ‘ಸರಿಯಾದ ಕೆಂಪು’ ಮೋಡದ ದಿನಕ್ಕಿಂತ ಬಿಸಿಲಿನ ದಿನ 300 ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಹೆಚ್ಚು ಬಿಸಿಯಾಗಿರಬಹುದಿತ್ತು. ಬೆಳಕು ಜೋರಿದ್ದರೆ ಕೆಂಪು ಮಂಕಾಗಿ ಕಾಣುತ್ತದೆ, ಅವರು ಇನ್ನಷ್ಟು ಕಾಯಿಸುತ್ತಾರೆ, ಉಕ್ಕು ಒಳಗೇ ಸುಟ್ಟು ಗಾಜಿನಂತಾಗುತ್ತದೆ. ಅಲ್ಲಿಂದ ಮುಂದೆ 8,00,000ದ ಸರಣಿ ಸಂಖ್ಯೆಗಿಂತ ಹಿಂದಿನ ಸ್ಪ್ರಿಂಗ್‌ಫೀಲ್ಡ್‌ಗಳನ್ನು ಬಲ್ಲವರು ಅನುಮಾನದಿಂದಲೇ ನೋಡುತ್ತಾರೆ. ಕುಲುಮೆಯ ಮುಂದೆಯೇ ನಿಂತವರನ್ನು ಬಿಸಿಲು ಮೋಸಗೊಳಿಸಿತು. ಬೆಂಕಿಯನ್ನೇ ನೋಡದೆ, ಆರಿದ ಮೇಲೆ ಬಂದು ನಳಿಗೆ ಸವರಿ ತಲೆಯಾಡಿಸುವವರ ಬಗ್ಗೆ ಹೇಳುವುದೇನು?

ಸ್ಪ್ರಿಂಗ್ ನೋಡಿದರೆ ಗೊತ್ತಾಗುತ್ತದಲ್ಲ ಎಂಬುದು ಇದ್ದುದರಲ್ಲಿ ಬುದ್ಧಿವಂತರ ಆಕ್ಷೇಪ. ಬೋಲ್ಟಿನೊಳಗಿನ ಸ್ಪ್ರಿಂಗು ಸತ್ತಿದ್ದರೆ ಕೋವಿಯೂ ಸತ್ತಂತೆ, ಒಪ್ಪಿದೆ. ಆದರೆ ಜೀವಂತವಾಗಿದ್ದರೆ? ಅದು ಬೆಂಕಿಯಾದ ಮೇಲೆ ಹಾಕಿದ ಹೊಸ ಸ್ಪ್ರಿಂಗಲ್ಲ ಎಂದು ಮಾರುವವನು ಆಣೆ ಮಾಡಬೇಕು. ಹೊಸ ಮರ, ಹೊಸ ಕಪ್ಪು ಬಣ್ಣ, ಎಳ್ಳೆಣ್ಣೆ ಬಣ್ಣದ ಪಾಲಿಷ್ ಹಚ್ಚಿ ಮಾರುವ ಜನರ ಆಣೆಗೆ ನನ್ನಲ್ಲಿ ಬೆಲೆಯಿಲ್ಲ.

ಇನ್ನು ಹುರಿಯ ಪರೀಕ್ಷೆ. ಕೋವಿಯನ್ನು ಹಳೇ ಟೈರಿಗೆ ಬಿಗಿದು, ಟ್ರಿಗರ್‌ಗೆ ಹುರಿ ಕಟ್ಟಿ, ದೂರ ನಿಂತು ಎಳೆಯುವುದು. ಇದನ್ನು ಮೂವತ್ತು-ನಲವತ್ತರ ಸೈಟಿನಲ್ಲಿ ನಡೆಸುವ ಬಗೆಯನ್ನು ಪ್ರತಿಪಾದಕರು ಯಾರೂ ವಿವರಿಸಿಲ್ಲವಾದ್ದರಿಂದ ನಾನೇ ವಿವರಿಸಬೇಕಾಗಿದೆ. ಮೊದಲನೆಯದು ದಿಕ್ಕು. ಪೂರ್ವಕ್ಕೆ ತಿರುಗಿಸಿದರೆ ಪಕ್ಕದ ಮನೆಯ ಅಡುಗೆಮನೆ, ಪಶ್ಚಿಮಕ್ಕೆ ನಮ್ಮದೇ ದೇವರಮನೆ. ಗುಂಡು ಎರಡು ಕಿಲೋಮೀಟರಿನಾಚೆಗೂ ಹೋಗಬಲ್ಲದಾದ್ದರಿಂದ ಕಮ್ಮನಹಳ್ಳಿಯವರ ಒಪ್ಪಿಗೆಯೂ ಬೇಕು. ಆಕಾಶಕ್ಕೆ ಹಿಡಿದರೆ ಹೋದದ್ದು ಎಲ್ಲಿ ಇಳಿಯುತ್ತದೋ ತಿಳಿಯದು. ನೆಲಕ್ಕೆ ಹಿಡಿದರೆ ವರ್ಷಗಟ್ಟಲೆ ಕಾದು ಪಡೆದ ಕಾವೇರಿ ಪೈಪು. ದಿಕ್ಕು ಇತ್ಯರ್ಥವಾದರೆ ಹುರಿಯ ಉದ್ದ. ಸುರಕ್ಷಿತ ದೂರಕ್ಕೆ ಕಾಂಪೌಂಡು ಸಾಲದು. ಹುರಿ ಗೇಟು ದಾಟಿ, ಎದುರು ನಿಲ್ಲಿಸಿದ ಕಾರಿನಡಿ ತೂರಿ, ಎಳನೀರಿನ ಗಾಡಿಯನ್ನು ಬಳಸಿ ಮುಂದಿನ ತಿರುವಿಗೆ ಹೋಗಬೇಕು. ಅಲ್ಲಿ ಊಟ ತಲುಪಿಸುವ ಹುಡುಗನ ಸ್ಕೂಟರಿನ ಸ್ಟ್ಯಾಂಡಿಗೆ ಅದು ಸಿಕ್ಕಿಕೊಂಡರೆ ಪ್ರಯೋಗದ ಮುಹೂರ್ತ ಅವನ ಕೈಯಲ್ಲಿ, ಅವನಿಗೋ ಬಿರಿಯಾನಿ ಆರುವ ಚಿಂತೆ. ಅಷ್ಟರಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದು, ಇದಕ್ಕೆ ಸಾಮಾನ್ಯ ಸಭೆಯ ನಿರ್ಣಯ ಆಗಿದೆಯೇ ಎಂದು ಕೇಳುತ್ತಾರೆ. ಟೈರು ಯಾರ ಕಾರಿನದು ಎಂಬ ಉಪಪ್ರಶ್ನೆಯೂ ಏಳುತ್ತದೆ. ಮೊಬೈಲು ಹಿಡಿದವರೊಬ್ಬರು ಚಿತ್ರ ಚೆನ್ನಾಗಿ ಬರಲೆಂದು ನಳಿಗೆಯ ಎದುರಿಗೇ ನಿಂತಿರುತ್ತಾರೆ.

ಇಷ್ಟೆಲ್ಲ ದಾಟಿ ಈಡು ಹಾರಿತೆನ್ನಿ. ಸಾಬೀತಾದದ್ದೇನು? ಒಂದು ಸಲ ಒಡೆಯಲಿಲ್ಲ ಎಂಬುದು. ಮೆತ್ತಗಾದ ಉಕ್ಕು ಪ್ರತಿ ಈಡಿಗೂ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಬೋಲ್ಟಿಗೂ ತೋಟಾಕ್ಕೂ ನಡುವಿನ ಸಂದು ಅಗಲವಾಗುತ್ತದೆ. ಕೊನೆಗೆ ಹಿತ್ತಾಳೆಯ ಕವಚ ಹರಿದು ಅನಿಲ ಹಿಂದಕ್ಕೆ ಮುಖಕ್ಕೇ ನುಗ್ಗುತ್ತದೆ. ಹತ್ತು ಸಲ ಹಾರಿಸಿದ್ದೇನೆ, ಏನೂ ಆಗಿಲ್ಲ ಎನ್ನುವವರು ತಮ್ಮ ಪರ ಸಾಕ್ಷ್ಯವೆಂದು ಕೊಡುತ್ತಿರುವುದು ಹತ್ತು ಸಲದ ಸವೆತವನ್ನು. ಪೀಣ್ಯದ ವರ್ಕ್‌ಶಾಪುಗಳಲ್ಲಿ ಉಕ್ಕಿನ ಗಡಸುತನ ಅಳೆಯುತ್ತಾರೆ, ನಿಜ. ಅದು ಮುಟ್ಟಿದ ಜಾಗದ ಮಾತು ಹೇಳುತ್ತದೆ, ಒಳಗಿನ ಬಿರುಕಿನದಲ್ಲ. ಹೊಸದಾಗಿ ಪಾನ ಹಿಡಿಸೋಣವೆಂದರೆ ಉಕ್ಕಿನ ಬೆರಕೆ ಗೊತ್ತಿರಬೇಕು, ಸೊಟ್ಟಾದರೆ ಸಹಿಸಬೇಕು.

ಕಾನೂನು ಇದಕ್ಕಿಂತ ತಮಾಷೆಯದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಹಳೇ ಮಾದರಿಯ ಅಥವಾ ಕೆಟ್ಟುಹೋದ ಆಯುಧ ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂತಿದ್ದರೆ ಅದಕ್ಕೆ ಕಾಯ್ದೆಯೇ ಅನ್ವಯಿಸುವುದಿಲ್ಲ. ಅಂದರೆ ಗೋಡೆಗೆ ತೂಗುಹಾಕುವವನು ಇದು ಹಾರುವುದಿಲ್ಲ ಎಂದು ಸಾಧಿಸಬೇಕು, ಹಾರಿಸುವವನು ಹಾರುತ್ತದೆ ಎಂದು. ಸುಟ್ಟ ಕೋವಿ ಎರಡಕ್ಕೂ ಒದಗುವುದಿಲ್ಲ. ಗುಂಡು ಹಾರೀತು, ಹಾಗಾಗಿ ಕಾನೂನಿಗೆ ಅದು ಕೋವಿ. ಬೋಲ್ಟೂ ಹಾರೀತು, ಹಾಗಾಗಿ ಯಜಮಾನನಿಗೆ ಬಾಂಬು. ತ್ರೀ ನಾಟ್ ತ್ರೀಯಂತೂ ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರು. ಲೈಸೆನ್ಸಿನ ಮಾತೂ ಸುಲಭವಲ್ಲ.

ಕೊಡಗಿನವರಿಗೆ ಲೈಸೆನ್ಸೇ ಬೇಡವಲ್ಲ ಎಂಬುದು ಕೊನೆಯ ಆಕ್ಷೇಪ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ವಿಸ್ತರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆ ವಿನಾಯಿತಿ ಲೈಸೆನ್ಸಿನಿಂದ, ಲೋಹಶಾಸ್ತ್ರದಿಂದಲ್ಲ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಎರಡೂ ಸಂದರ್ಭಗಳಲ್ಲಿ ಕೋವಿ ಹಿಡಿದವನ ಸುತ್ತ ನಿಂತಿರುವುದು ಅವನ ಮನೆಯವರು, ಮಕ್ಕಳೂ ಸೇರಿ. ಅವರ ನಡುವೆ ನಿಂತು ಸುಟ್ಟ ಕೋವಿಯನ್ನು ಹೆಗಲಿಗೇರಿಸುವುದು ಧೈರ್ಯವಲ್ಲ, ಅಪರಾಧ. ಆಯುಧಗಳ ಹಬ್ಬವಾದ ಕೈಲ್ ಪೊಳ್ದ್‌ನಲ್ಲಿ ಹೂ ಮುಡಿಸಿ ಪೂಜೆ ಮಾಡಲು ಹದವಾದ ಉಕ್ಕೇ ಬೇಕೆಂದಿಲ್ಲ. ಹಾಗೆಂದು ಕೋವಿಯನ್ನು ಹಾರದಂತೆ ಮಾಡಲು ಮನೆಯಲ್ಲೇ ಡ್ರಿಲ್ಲು ಹಿಡಿದು ನಳಿಗೆಗೆ ತೂತು ಕೊರೆಯಲು ಹೊರಡಬೇಡಿ. ಮೊದಲು ಠಾಣೆಗೆ ತಿಳಿಸಿ. ಅಲ್ಲಿಗೂ ಕೋವಿಯನ್ನು ಹೆಗಲ ಮೇಲೆ ಹೊತ್ತು 500-ಡಿ ಬಸ್ಸು ಹತ್ತಬೇಡಿ, ಫೋನು ಮಾಡಿದರೆ ಸಾಕು.