ಪಲ್ಲಕ್ಕಿ ಏರಿದ ಹ್ಯಾಟಿ

ಶಹಾಪುರ ತಾಲ್ಲೂಕಿನ ಶಿರವಾಳಕ್ಕೆ ಹೊರಗಿನವರು ಬರುವುದು ಹೆಚ್ಚಾಗಿ ಹಳೆಯ ಗುಡಿಗಳನ್ನು ನೋಡಲು. ಚಾಲುಕ್ಯರ, ರಾಷ್ಟ್ರಕೂಟರ ಕಾಲದ ಕಲ್ಲುಗಳ ಮುಂದೆ ನಿಂತು ಫೋಟೊ ಹೊಡೆಸಿಕೊಂಡು, ಚಹಾ ಕುಡಿದು ಹೋಗುತ್ತಾರೆ. ನಾವು ಮಾತ್ರ ಈ ಸಲ ಒಂದು ಮನೆಯ ಹಿತ್ತಲಿಗೆ ಹೋದೆವು. ಅಲ್ಲಿ ಬೇವಿನ ಗಿಡದ ಕೆಳಗೆ ಎರಡು ಗಾಲಿಯ ಕಬ್ಬಿಣದ ಗೂಡೊಂದು ಓರೆಯಾಗಿ ನಿಂತಿತ್ತು. ಒಳಗೆ ಕಾವಿಗೆ ಕೂತಿದ್ದ ಕೆಂಪು ಜವಾರಿ ಹ್ಯಾಟಿ ಒಂದೇ ಕರಾರಿನ ಮೇಲೆ ಮಾತಿಗೆ ಒಪ್ಪಿತು: “ಪ್ರಶ್ನಿ ಎಷ್ಟರ ಕೇಳು, ತತ್ತಿ ಮುಟ್ಟಬ್ಯಾಡ.”

ಪ್ರಶ್ನೆ: ಅವ್ವಾ, ಊರ ತುಂಬ ನಿಮ್ಮ ಮನೆಯದೇ ಸುದ್ದಿ. ಗಾಲಿ ಇರುವ ಮನೆ! ಹೇಗನ್ನಿಸುತ್ತದೆ?

ಹ್ಯಾಟಿ: ಏನ್ ಅನ್ನಸ್ತದ ತಮ್ಮಾ? ಮೊದಲ ಬುಟ್ಟಿ ಕೆಳಗ ಇದ್ದೆ. ಸಂಜಿಗಿ ನಮ್ಮ ಮನಿ ಅವ್ವ ಬುಟ್ಟಿ ಡಬ್ಬ ಹಾಕಿ ಮ್ಯಾಲೊಂದು ಕಲ್ಲ ಹೇರ್ತಿದ್ಲು. ಕಲ್ಲ ಮರೆತ ರಾತ್ರಿ ಬೆಕ್ಕಿಗಿ ಹಬ್ಬ. ಬೆಂಗಳೂರಿಗಿ ಗುಳೆ ಹೋಗಿದ್ದ ಮಗ ಉಗಾದಿಗಿ ಬಂದ. ಅಲ್ಲಿ ವೆಲ್ಡಿಂಗ್ ಕಲ್ತಾನ, ರಾತ್ರೆಲ್ಲಾ ಮೊಬೈಲಿನ್ಯಾಗ ಅಮೆರಿಕದ ಕೋಳಿ ನೋಡ್ಯಾನ. ಹಳೇ ಆ್ಯಂಗಲ್ಲು, ತಗಡು, ಜಾಳಿಗಿ, ಗುಜರಿ ಅಂಗಡ್ಯಾಗಿನ ಎರಡು ಮೋಟರ್‌ಸೈಕಲ್ ಗಾಲಿ ಕೂಡಿಸಿ ಇದನ್ನ ನಿಲ್ಲಿಸ್ಯಾನ. ಪೂಜಾ ದಿನ ಕಾಯಿ ಒಡದ್ರು. ಕಾಯಿಗೇ ಮುಗೀತದೋ, ಮುಂದ ನನ್ನ ಪಾಳಿ ಬರ್ತದೋ ಅಂತ ಜೀವ ಹಿಡಕೊಂಡು ನಿಂತಿದ್ದೆ.

ಪ್ರಶ್ನೆ: ಅಮೆರಿಕದ ವರ್ಜೀನಿಯಾದಲ್ಲಿ ಜೋಯೆಲ್ ಸಲಾಟಿನ್ ಎಂಬ ರೈತರು 10 ಅಡಿ ಅಗಲ, 12 ಅಡಿ ಉದ್ದದ, ತಳವಿಲ್ಲದ ಗೂಡನ್ನು ದಿನಕ್ಕೊಮ್ಮೆ ಹೊಸ ಹುಲ್ಲಿನ ಮೇಲಕ್ಕೆ ಎಳೆದು ಹೆಸರಾದವರು. ಕೋಳಿಗೆ ಹುಳ ಸಿಗುತ್ತದೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ, ಹಿಕ್ಕೆ ಒಂದೇ ಕಡೆ ಕೂಡಿ ರೋಗ ಹುಟ್ಟುವುದಿಲ್ಲ. ಒಳ್ಳೆಯದೇ ಅಲ್ಲವೆ?

ಹ್ಯಾಟಿ: ಮಾತು ಖರೇನೇ ಅದ. ಆದ್ರ ಅವರ ಹುಲ್ಲು ಬ್ಯಾರೆ, ನಮ್ಮ ಎರಿ ಭೂಮಿ ಬ್ಯಾರೆ. ಮೊದಲನೇ ಮಳಿ ಬಿತ್ತು ನೋಡು, ಗಾಲಿ ಅಚ್ಚಿನ ತನಕ ಹೂತವು. ಮಗ ಎಳದ, ಅವರಪ್ಪ ದೂಕಿದ, ಎತ್ತು ಕಟ್ಟೂಣು ಅಂತ ಒಬ್ಬ ಬುದ್ಧಿ ಹೇಳಿದ. ಕಡೀಗಿ ನಾಲ್ಕು ಮಂದಿ ಎರಡು ಬಂಬು ತೂರಿಸಿ, ಪಲ್ಲಕ್ಕಿ ಎತ್ತಿದಂಗ ನಮ್ಮನ್ನ ಹೆಗಲ ಮ್ಯಾಲ ಎತ್ತಿ ಈ ಬೇವಿನ ಗಿಡದ ಕೆಳಗ ಇಳಿಸಿದ್ರು. ನಮ್ಮ ವಂಶದಾಗ ಪಲ್ಲಕ್ಕಿ ಏರಿದವಳು ನಾನೇ ಮೊದಲು. ಗಾಲಿ ತಗದು ಕೆಳಗ ಎರಡು ಕಟ್ಟಿಗಿ ದಿಮ್ಮಿ ಹಾಕು, ಹಸಿ ನೆಲದ ಮ್ಯಾಲ ಜಾರ್ತದ ಅಂತ ಬಡಗ್ಯಾ ಹೇಳಿ ಹೋಗ್ಯಾನ. ಗಾಲಿ ಇಲ್ಲಂದ್ರ ವಿಡಿಯೊದಾಗ ಚಂದ ಕಾಣಂಗಿಲ್ಲ ಅಂತ ನಮ್ಮ ಹುಡುಗ ಒಪ್ಪವಲ್ಲ.

ಪ್ರಶ್ನೆ: ಜಾಗ ಬದಲಾದ ಮೇಲೆ ಹೊಂದಿಕೊಂಡಿರಾ?

ಹ್ಯಾಟಿ: ಎಲ್ಲಿ ಹೊಂದಿಕಿ? ಗೂಡು ಬೇವಿನ ಗಿಡಕ್ಕ ಬಂತು, ಸಂಜಿಗಿ ನಾವೆಲ್ಲಾ ಹಳೇ ಜಾಗದಾಗೇ ಸಾಲಾಗಿ ಕುಂತಿದ್ವಿ. ಕೋಳಿಗಿ ಮನಿ ಅಂದ್ರ ಜಾಗ, ತಗಡಲ್ಲ. ಮೂರ್ನಾಲ್ಕು ದಿನ ಒಳಗೇ ಕೂಡಿ ಹಾಕಿ ರೂಢಿ ಮಾಡಬೇಕು, ಇಲ್ಲಂದ್ರ ದಿನಾ ಒಂದೆರಡು ಹೆಜ್ಜಿ ಅಷ್ಟೇ ಸರಸಬೇಕು. ಅವ್ವ ಬೈದ್ಲು, “ಇವಕ್ಕ ಬುದ್ಧಿ ಇಲ್ಲ” ಅಂತ. ನಿಮ್ಮ ಮಂದಿ ಬೆಂಗಳೂರು, ಹೈದರಾಬಾದು, ಮುಂಬೈ ಅಂತ ವರ್ಷಗಟ್ಟಲೆ ದುಡದು, ಓಟಿಗಿ, ಜಾತ್ರಿಗಿ ಬಸ್ಸಿನ ಟಪ್ಪಿನ ಮ್ಯಾಲ ಕುಂತು ಹಳೇ ಜಾಗಕ್ಕೇ ಬರ್ತಾರಲ್ಲ, ಅವರಿಗಿ ಯಾರೂ ಬೈಯೂದಿಲ್ಲ.

ಪ್ರಶ್ನೆ: ಗೂಡಿನಲ್ಲಿ ಬೇರೆ ಕುಂದು?

ಹ್ಯಾಟಿ: ಬರಕೋ. ತಗಡು ಬ್ಯಾಸಿಗ್ಯಾಗ ಕಾದ ಹಂಚು. ನಮ್ಮ ಕಡಿ ಬಿಸಲು 40 ಡಿಗ್ರಿ ದಾಟ್ತದ. ಮ್ಯಾಲ ಜ್ವಾಳದ ಕಣಕಿ ಹಾಸಿ ನೀರ ಚಿಮಕಿಸಿದ್ರ ಉಸರಾಡಬಹುದು. ಆರು ಮೂಲಿ ಕಣ್ಣಿನ ಜಾಳಿಗಿ ಅಗ್ಗ ಅಂತ ತಂದಾರ, ನಾಯಿ ಹಲ್ಲಿಗಿ ಅದು ಹಪ್ಪಳ. ವೆಲ್ಡ್ ಮಾಡಿದ ಸಣ್ಣ ಕಣ್ಣಿನ ಜಾಳಿಗಿ ಬೇಕು. ತಳ ಇಲ್ಲಾ, ಹಂಗಾಗಿ ಮುಂಗಲಿ ಹೊರಗಿಂದ ಕೆದರಿ ಒಳಗ ಬರ್ತದ. ಗೂಡಿನ ಸುತ್ತ ಒಂದು ಅಡಿ ಜಾಳಿಗಿ ನೆಲದ ಮ್ಯಾಲ ಹಾಸಿ ಕಲ್ಲ ಹೇರಿದ್ರ ಅದರ ಆಟ ನಡಿಯಂಗಿಲ್ಲ. ಕಲ್ಲ ಅಂದ್ರ ಮನಿ ಮುಂದಿನ ಕಲ್ಲ, ಗುಡಿ ಕಲ್ಲ ಅಲ್ಲ ಮತ್ತ! ಅದನ್ನೂ ಬರಿ, ಮುಂದ ನನ್ನ ಮ್ಯಾಲ ಬರಬಾರದು.

ಪ್ರಶ್ನೆ: ಉದ್ಯೋಗ ಖಾತ್ರಿಯಲ್ಲಿ ಕೋಳಿ ಶೆಡ್ ಕಟ್ಟಿಸಿಕೊಂಡವರು ಇದ್ದಾರಲ್ಲ. ಆ ದಾರಿ ಹಿಡಿಯಬಹುದಿತ್ತು.

ಹ್ಯಾಟಿ: ಹಿಡಿಬಹುದಿತ್ತು. ಆದ್ರ ಆ ಶೆಡ್ಡಿಗಿ ಕೆಲಸದ ಮೊದಲ, ನಡುವ, ಮುಗಿದ ಮ್ಯಾಲ ಮೂರು ಸಲ ಜಾಗದ ಗುರುತಿನ ಸಮೇತ ಫೋಟೊ ಹೊಡೀತಾರ. ನಮ್ಮದು ಇವತ್ತು ಬೇವಿನ ಗಿಡದ ಕೆಳಗ, ನಾಳಿ ತಿಪ್ಪಿ ಬಾಜು. ಆಡಿಟ್‌ನವರು ಬಂದು ನೋಡಿದ್ರ ಆಸ್ತಿ ನಾಪತ್ತೆ! ನಮ್ಮ ಮನಿ ಅವ್ವನ ಮ್ಯಾಲ ಕೇಸ್ ಬೀಳ್ತದ. ನಡಿಯೋ ಮನಿ ಯಾವ ಎಸ್ಟಿಮೇಟಿನ್ಯಾಗೂ ಕೂಡಂಗಿಲ್ಲಪಾ.

ಪ್ರಶ್ನೆ: 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳು 31 ಕೋಟಿಗೂ ಹೆಚ್ಚು. ಹಿಂದಿನ ಗಣತಿಗಿಂತ ಸುಮಾರು ಶೇ 46ರಷ್ಟು ಏರಿಕೆ. ಅಭಿನಂದನೆಗಳು.

ಹ್ಯಾಟಿ: ಎಣಿಸೋರು ಮಧ್ಯಾಹ್ನ ಬಂದಿದ್ರು. ನಾ ತಿಪ್ಯಾಗ ಇದ್ದೆ.

ಪ್ರಶ್ನೆ: ಗಿರಿರಾಜ, ಸ್ವರ್ಣಧಾರ, ವನರಾಜ ತಳಿಗಳ ಬಗ್ಗೆ ನಿಮ್ಮ ಅಭಿಪ್ರಾಯ?

ಹ್ಯಾಟಿ: ಛಲೋ ಮಕ್ಕಳು. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಕಾಲೇಜಿಂದು, ವನರಾಜ ಹೈದರಾಬಾದಿಂದು. ಲಗೂ ಬೆಳೀತಾವ, ತತ್ತಿ ನನ್ನ ಎರಡು ಪಟ್ಟು ಇಡ್ತಾವ. ನಾ ವರ್ಷಕ್ಕ 50, 60 ಇಟ್ರ ಹೆಚ್ಚು. ಆದ್ರ ಅವಕ್ಕ ಕಾವಿಗಿ ಕೂಡೂದು ಬರಂಗಿಲ್ಲ. ಈಗ ನನ್ನ ಹೊಟ್ಟಿ ಕೆಳಗ ನೋಡು, ಹನ್ನೆರಡರಾಗ ಐದು ಬಾಜು ಮನಿ ಗಿರಿರಾಜನವು! 21 ದಿನ ನೀರು, ಕಾಳು ಮರೆತು ಕೂಡಾಕಿ ನಾನು, ಹೆಸರು ರಾಜಂದು. ಯೋಜನಾ ಮರಿ ಹಂಚೋ ಫೋಟೊದಾಗೂ ಅವೇ ಇರ್ತಾವ.

(ಇಲ್ಲಿ ಹುಂಜ ನಡುವೆ ಬಾಯಿ ಹಾಕಿ, ಊರನ್ನು ಎಬ್ಬಿಸುವ ಜವಾಬ್ದಾರಿ ತನ್ನದು ಎಂದು ಕೂಗಿ ಹೇಳಿತು. ಆಗ ಮಧ್ಯಾಹ್ನ ಹನ್ನೆರಡೂವರೆ.)

ಪ್ರಶ್ನೆ: 2021ರ ಡಿಸೆಂಬರಿನಲ್ಲಿ ನಿಮ್ಮ ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ನೀವೇನು ಹೇಳಿದಿರಿ?

ಹ್ಯಾಟಿ: ನನ್ನ ಯಾರು ಕೇಳ್ಯಾರ? ಪರವಾಗಿ ಮಾತಾಡಿದವರೂ ಕೇಳಲಿಲ್ಲ, ವಿರೋಧ ಮಾಡಿದವರೂ ಕೇಳಲಿಲ್ಲ. ಸಾಲಿಗಿ ಹೋಗೋವು ಫಾರಂ ತತ್ತಿ. ನನ್ನ ತತ್ತಿ ಸಂತಿಗಿ ಹೋಗ್ತದ, ಅದರ ರೊಕ್ಕ ನಮ್ಮ ಅವ್ವನ ಸೆರಗಿನ ಗಂಟಿಗಿ. ಹತ್ತಿ ರೊಕ್ಕ ಗಂಡನ ಕೈಗಿ, ಭತ್ತದ ರೊಕ್ಕ ಸಾಲಕ್ಕ. ಈ ಗಂಟು ಒಂದನ್ನ ಮಾತ್ರ ಯಾರೂ ಲೆಕ್ಕ ಕೇಳಂಗಿಲ್ಲ. ಮಗಳ ನೋಟ್‌ಬುಕ್ಕು, ಮುದುಕಿ ಗುಳಿಗಿ, ಎಲ್ಲಾ ಅದರಾಗೇ. ರೊಕ್ಕ ಸಾಲದ ದಿನ, ಇಲ್ಲಾ ಅಳಿಯ ಬಂದ ದಿನ, ನಾನೇ ಸಂತಿಗಿ ಇಲ್ಲಾ ಗಡಗಿಗಿ.

ಪ್ರಶ್ನೆ: ಗಡಿಗೆಯ ಮಾತು ಬಿಡಿ, ಪ್ರಾಣಿಬಲಿ ತಡೆಗಂತೂ ರಾಜ್ಯದಲ್ಲಿ 1959ರಿಂದಲೇ ಕಾನೂನಿದೆ.

ಹ್ಯಾಟಿ: ಅದ, ಇಲ್ಲ ಅನ್ನಂಗಿಲ್ಲ. ಮೈಲಾಪುರ ಮಲ್ಲಯ್ಯನ ಜಾತ್ರ್ಯಾಗ ಪಲ್ಲಕ್ಕಿ ಮ್ಯಾಲ ಕುರಿಮರಿ ಹಾರಸಬಾರದು ಅಂತ ಚೆಕ್‌ಪೋಸ್ಟ್ ಹಾಕಿ ಮರಿ ಕಸಗೋತಾರ. ಭಾಳ ಪುಣ್ಯದ ಕೆಲಸ. ಕುರಿ ಕಸಗೊಂಡ ಸಾಹೇಬ್ರು ಮಧ್ಯಾಹ್ನ ಊಟಕ್ಕ ಏನ್ ತಿಂತಾರ ಅಂತ ನಾ ಕೇಳಂಗಿಲ್ಲ. ಕೇಳಿದಾಕಿ ಗಂಗಾಳದಾಗ ಬರ್ತಾಳ.

ಪ್ರಶ್ನೆ: ಕೊನೆಗೆ, ನಿಮ್ಮ ಬೇಡಿಕೆ ಏನು? ಸರಿಯಾದ ಗೂಡೇ?

ಹ್ಯಾಟಿ: ಗೂಡು ಆಮ್ಯಾಲ. ಹೋದ ಬ್ಯಾಸಿಗ್ಯಾಗ ಏನಾತು ಕೇಳು. ಒಂದು ಮುಂಜಾನಿ ಬಾಜು ಓಣಿ ಕೋಳಿ ಹಸರ ನೀರು ಹಿಕ್ಕಿ ಹಾಕಿತು, ಕುತ್ತಿಗಿ ತಿರುವಿತು, ಬಾಯಿ ತೆರೆದು ಉಸರಾಡಿತು. ಕೊಕ್ಕರೆ ರೋಗ. ದವಾಖಾನ್ಯಾಗ ರಾಣಿಖೇತ್ ಅಂತಾರ. ವಾರದಾಗ ಓಣಿ ಓಣಿನೇ ಖಾಲಿ. ಬಂದ ಮ್ಯಾಲ ಅದಕ್ಕ ಔಷಧ ಇಲ್ಲ, ಬರೂಕಿಂತ ಮೊದಲ ಲಸಿಕಿ ಅಷ್ಟೇ. ಮರಿ ಹುಟ್ಟಿದ ಮೊದಲ ವಾರದಾಗ ಕಣ್ಣಿಗಿ ಇಲ್ಲಾ ಮೂಗಿಗಿ ಒಂದು ಹನಿ, ಎಂಟನೇ ವಾರಕ್ಕ ಒಂದು ಸೂಜಿ. ನಮಗ ಇದು ಯಾಕ ಸಿಗಂಗಿಲ್ಲ ಗೊತ್ತದ? ಸೀಸಾ ಒಡದ್ರ 100 ಕೋಳಿಗಿ ಆಗ್ತದ, ಕಲಸಿದ ಮ್ಯಾಲ ಎರಡು ತಾಸಿನ್ಯಾಗ ಮುಗಿಸಬೇಕು, ಅಲ್ಲೀತನಕ ಬರ್ಫದಾಗ ಇಡಬೇಕು. ನಮ್ಮ ಮನ್ಯಾಗ ಇರೋವು ಎಂಟು. ಎಂಟು ಕೋಳಿಗಿ ಯಾರು ಸೀಸಾ ಒಡೀತಾರ? ಡಾಕ್ಟರ್ ಮಧ್ಯಾಹ್ನ ಬಂದ್ರ ನಾವು ಗುಡಿ ಹಿಂದ, ತಿಪ್ಪಿ ಮ್ಯಾಲ, ಬ್ಯಾಲಿ ಸಂದ್ಯಾಗ. ಹಿಡಿಯೋರು ಯಾರು?

ಪ್ರಶ್ನೆ: ಹಾಗಾದರೆ ದಾರಿ?

ಹ್ಯಾಟಿ: ಒಂದು ಮನಿಗಿ ಎಂಟು ಅಂದ್ರ ಹದಿಮೂರು ಮನಿ ಕೂಡಿದ್ರ ಸೀಸಾ ಖರ್ಚಾಗ್ತದ. ಇದರಾಗ ಯೋಜನಾ ಇಲ್ಲ, ವೆಲ್ಡಿಂಗ್ ಇಲ್ಲ, ವಿಡಿಯೊ ಮಾಡೂವಂಥಾದ್ದೂ ಏನಿಲ್ಲ, ಅದಕ್ಕೇ ಯಾರಿಗೂ ನೆನಪಾಗಂಗಿಲ್ಲ. ನಿಮ್ಮ ಪತ್ರಿಕ್ಯಾಗ ಇಷ್ಟು ಹಾಕು: ಓಣಿ ಅವ್ವಂದಿರೇ, ಬ್ಯಾಸಿಗಿ ಬರೂಕಿಂತ ಮೊದಲ ಒಂದು ತಾರೀಖು ಗೊತ್ತ ಮಾಡ್ರಿ. ಪಶು ದವಾಖಾನಿಗಿ ಒಂದು ವಾರ ಮುಂಚೆ ಹೇಳಿ ಬರ್ರಿ. ಆ ದಿನ ಮುಂಜಾನಿ ಡಾಕ್ಟರ್ ಬರೂತನಕ ಬುಟ್ಟಿ ಮ್ಯಾಲಿನ ಕಲ್ಲ, ಗೂಡಿನ ಬಾಗಲಾ ಯಾರೂ ತೆಗೀಬ್ಯಾಡ್ರಿ.